ಗುಡಿಸಿಟ್ಟ ಹೊಲ

ಅತ್ತೆ ಸಿಟ್ಟು ಮಾಡಿಕೊಂಡರೆ ಅಳಿಯನಾದವನು ಹೇಗೋ ಸಹಿಸಿಕೊಳ್ಳಬಹುದು. ಅದೇ ಅತ್ತೆಗೆ ಅಳಿಯನ ಮೇಲೆ ಪ್ರೀತಿ ಉಕ್ಕಿ, ಅವನಿಗೊಂದು ಉಪಕಾರ ಮಾಡಿಬಿಡೋಣ ಅಂತ ಹೊರಟರೆ ಮಾತ್ರ ಅವನನ್ನು ಕಾಪಾಡುವವರು ಯಾರೂ ಇರುವುದಿಲ್ಲ. ಡೋವಾ ಬೆಟ್ಟದ ತಪ್ಪಲಿನ ಚಿಂಪೇನಿ ಊರಿನಲ್ಲಿ ಲೈಸನ್ ಕಚೇಪನಿಗೆ ಆದದ್ದು ಅದೇ.

ಲೈಸನ್ ತೀರಿಹೋದ ತನ್ನ ಸೋದರಮಾವನ ಮಣ್ಣು ಮುಗಿಸಿಕೊಂಡು, ಸೈಕಲ್ಲು ತುಳಿದು ತುಳಿದು ತೊಡೆ ಮರಗಟ್ಟಿಸಿಕೊಂಡು, ಬೆಳಗಿನ ಹೊತ್ತಿಗೆ ಊರು ಸೇರಿದ. ಊರು ಅಂದರೆ ಹೆಂಡತಿಯ ಊರು. ಅವನು ಮನೆ ಅಳಿಯ. ಆ ಕಡೆಯಲ್ಲಿ ಗಂಡಸರೆಲ್ಲ ಮನೆ ಅಳಿಯಂದಿರೇ ಆದ್ದರಿಂದ ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಕೂರುವ ಚಾಪೆಯಿಂದ ಹಿಡಿದು ಉಳುವ ಮಣ್ಣಿನವರೆಗೆ ಎಲ್ಲವೂ ಅತ್ತೆಯ ಕಡೆಯದು. ಅವನ ಹೆಸರಿನದು ಅಂತ ಆ ಊರಲ್ಲಿ ಇದ್ದದ್ದು ಒಂದೇ ಒಂದು: ಹೊಲದ ಅಂಚಿನಲ್ಲಿ ಕಬ್ಬಿಣದ ಕೋಲಿಗೆ ಹೊಡೆದ ಹಸಿರು ತಗಡು. ‘ಮಾದರಿ ರೈತ, ಲೈಸನ್ ಕಚೇಪ’ ಅಂತ ಅದರ ಮೇಲೆ ಬರೆದಿತ್ತು.

ಅಕ್ಕಪಕ್ಕದ ದೇಶಗಳೆಲ್ಲ ಒಟ್ಟಾಗಿ ಮಾಡಿಕೊಂಡಿದ್ದ ನೆರವು ಕಚೇರಿಯವರು ನೆಟ್ಟ ಬೋರ್ಡು ಅದು. ಅವರ ಪಾಠ ಸರಳ. ಮಣ್ಣನ್ನು ಅಗೆದು ಕದಡಬೇಡಿ, ಕೊಯ್ಲು ಮುಗಿದ ಮೇಲೆ ಜೋಳದ ದಂಟನ್ನು ಸುಡಬೇಡಿ, ನೆಲದ ಮೇಲೆ ಹೊದಿಕೆಯಂತೆ ಹಾಸಿ ಬಿಡಿ. ಊರವರು ನಕ್ಕರೂ ಲೈಸನ್ ನಂಬಿದ. ಐದು ವರ್ಷ ದಂಟು ಹೊತ್ತು ಹಾಸಿದ. ಈಗ ಅವನ ಮಣ್ಣಿನೊಳಗೆ ಬೆರಳು ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷವೂ ಅವನ ತೆನೆ ಮಾತ್ರ ಮಗುವಿನ ಮೊಣಕೈಯಷ್ಟು ದಪ್ಪ ಇತ್ತು.

ಇವತ್ತು ಆ ಕಚೇರಿಯ ಮೇಲಿನವರು ನೋಡಲು ಬರುವವರಿದ್ದರು. ಅವರಿಗೆ ಮೆಚ್ಚುಗೆಯಾದರೆ ಬಿಸಿಲಿನಿಂದ ಓಡುವ ನೀರೆತ್ತುವ ಪಂಪು ಸಿಗುತ್ತದೆ ಅಂತ ಕೃಷಿ ಸಲಹೆಗಾರ ಕಲುವಾ ಗುಟ್ಟಾಗಿ ಹೇಳಿದ್ದ. ಗುಟ್ಟಾಗಿ ಅಂದರೆ ಚರ್ಚಿನ ಬಾಗಿಲಲ್ಲಿ, ಎಲ್ಲರೂ ಹೊರಗೆ ಬರುವ ಹೊತ್ತಿಗೆ. ಪಂಪು ಬಂದರೆ ಹಳ್ಳದ ನೀರು ಹೊಲಕ್ಕೆ ಹತ್ತುತ್ತದೆ, ಬೇಸಿಗೆಯಲ್ಲೂ ಒಂದು ಬೆಳೆ ಕೈಗೆ ಬರುತ್ತದೆ, ಹೆಂಡತಿ ಎನೆಲೆಸಿ ನೆತ್ತಿಯ ಮೇಲೆ ಕ್ಯಾನು ಹೊರುವುದು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ಅತ್ತೆಯ ಊರಲ್ಲಿ ಅಳಿಯನದ್ದು ಅಂತ ಬೆರಳು ಮಾಡಿ ತೋರಿಸುವಂಥ ಒಂದು ವಸ್ತು ಇರುತ್ತದೆ. ಸೈಕಲ್ಲು ತುಳಿಯುತ್ತ ದಾರಿಯುದ್ದಕ್ಕೂ ಲೈಸನ್ ಆ ಪಂಪಿಗೆ ಯಾವ ಕಡೆ ನೆರಳು ಮಾಡಬೇಕು ಅಂತ ಯೋಚಿಸುತ್ತಲೇ ಬಂದಿದ್ದ. ಬಿಸಿಲಿನಿಂದ ಓಡುವ ಪಂಪಿಗೆ ನೆರಳು ಬೇಡ ಅನ್ನುವುದು ಊರ ಹತ್ತಿರ ಬಂದಾಗ ಹೊಳೆಯಿತು.

ಹೊಲದ ಅಂಚಿಗೆ ಬಂದವನು ಸೈಕಲ್ಲಿನಿಂದ ಇಳಿಯಲಿಲ್ಲ, ಬಿದ್ದ.

ಹೊಲದಲ್ಲಿ ಒಂದು ದಂಟಿಲ್ಲ, ಒಂದು ಸೋಗೆಯಿಲ್ಲ. ಕೆಂಪು ನೆಲ ಮದುವೆ ಮನೆಯ ಅಂಗಳದ ಹಾಗೆ ಥಳಥಳ ಅನ್ನುತ್ತಿತ್ತು. ಅದರ ಮೇಲೆ ಪೊರಕೆಯ ಗೆರೆಗಳು ಬಾಚಿದ ತಲೆಯ ಹಾಗೆ ಸಾಲಾಗಿ ಮೂಡಿದ್ದವು. ಒಂದು ಮೂಲೆಯಲ್ಲಿ ಬೂದಿಯ ಗುಡ್ಡೆ ಇನ್ನೂ ಸಣ್ಣಗೆ ಹೊಗೆಯಾಡುತ್ತಿತ್ತು. ಆ ಬದಿಯಲ್ಲಿ ಅತ್ತೆ ನಾಬಂಡಾ ಪೊರಕೆ ಹಿಡಿದು ನಿಂತಿದ್ದಳು. ಅಳಿಯನನ್ನು ಕಂಡಕೂಡಲೇ ಮರ್ಯಾದೆಗೆ ಬೆನ್ನು ತಿರುಗಿಸಿದಳು. ಆ ಬೆನ್ನಿನಲ್ಲೇ ಎಷ್ಟೊಂದು ಹೆಮ್ಮೆ ಇತ್ತೆಂದರೆ ಲೈಸನ್ನಿಗೆ ಕೂಗಲೂ ಆಗಲಿಲ್ಲ.

ಕೂಗುವ ಹಾಗೂ ಇರಲಿಲ್ಲ. ಅತ್ತೆಯೊಡನೆ ಅಳಿಯ ನೇರ ಮಾತಾಡುವುದುಂಟೇ? ದಾರಿಯಲ್ಲಿ ಎದುರಾದರೆ ಪೊದೆಯ ಕಡೆ ಸರಿದು ನಿಲ್ಲಬೇಕು. ಅವಳು ಕೂತ ಕಡೆ ಕೂರಬಾರದು, ಅವಳು ಉಣ್ಣುವಾಗ ನೋಡಬಾರದು. ಏನು ಹೇಳಬೇಕಾದರೂ ಎನೆಲೆಸಿಯ ಬಾಯಿಂದಲೇ ಹೋಗಬೇಕು. ಮದುವೆಯಾದಂದಿನಿಂದ ಲೈಸನ್ ಅತ್ತೆಗೆ ಹೇಳಿದ ಮಾತೆಲ್ಲ ಹೀಗೇ ಸುತ್ತು ಹಾಕಿಕೊಂಡು ಹೋದದ್ದು.

ಎನೆಲೆಸಿ ಓಡಿ ಬಂದು ಸೈಕಲ್ಲು ಎತ್ತಿದಳು. ಗಂಡನನ್ನು ಎತ್ತುವುದಕ್ಕೆ ಮೊದಲೇ ಹೇಳಿದಳು: “ರೀ, ಮುಖ ಗಂಟು ಹಾಕ್ಕೋಬೇಡಿ. ನಿನ್ನೆಯೆಲ್ಲ ಸೊಂಟ ಹಿಡ್ಕೊಂಡು ಗುಡಿಸಿದಾಳೆ ಅವ್ವ. ನಮ್ಮ ಅಳಿಯಂದಿರ ಹೊಲ ನೋಡೋಕೆ ದೊಡ್ಡೋರು ಬರ್ತಾರೆ, ಕಸದ ಗುಡ್ಡೆ ನೋಡಿ ನಕ್ಕಾರು ಅಂತ. ಅವಳು ನಿಮಗೇಂತ ಒಂದು ಕೆಲಸ ಮಾಡಿದ್ದು ಇದೇ ಮೊದಲು. ಸ್ವಲ್ಪ ನಗಿ.”

ಲೈಸನ್ ಮಾವಿನ ಮರದ ಕಡೆ ತಿರುಗಿ ಹಲ್ಲು ಕಿರಿದ. ಅದು ಎಷ್ಟು ನಗುವಿನ ಹಾಗಿತ್ತೋ ಮರಕ್ಕೇ ಗೊತ್ತು. ಅತ್ತೆ ಮಾತ್ರ ತೃಪ್ತಿಯಿಂದ ಮನೆಯ ಕಡೆ ನಡೆದಳು.

ಅವಳದೂ ತಪ್ಪಲ್ಲ. ಅವಳ ಹರೆಯದಲ್ಲಿ ಬಂದ ನೆರವಿನವರು ದಂಟಿನಲ್ಲಿ ಕೊರೆಯುವ ಹುಳ ಅಡಗಿರುತ್ತದೆ, ಸುಡಿ ಅಂದಿದ್ದರು. ಸುಡದವರ ಹೊಲಕ್ಕೆ ಬಂದು ಛತ್ರಿಯಿಂದ ಕುಕ್ಕಿ ಬೈದಿದ್ದರು. ಆಮೇಲೆ ಬಂದವರು ಸಾಲಿಗೆ ಮಣ್ಣು ಒಟ್ಟಿ ಬೋದು ಏರಿಸಿ ಅಂದರು. ಅವರ ಮೇಲೆ ಬಂದವರು ಬೋದು ಕೆಡವಿ ಅಂದರು. ಇನ್ಯಾರೋ ಹೊಲದ ಅಂಚಿಗೆಲ್ಲ ಹುಲ್ಲು ನೆಡಿಸಿದರು. ಮತ್ಯಾರೋ ಆ ಹುಲ್ಲು ತಿನ್ನಲು ಮೇಕೆ ಕೊಟ್ಟರು. ಎಲ್ಲರೂ ಹೋಗುವಾಗ ಒಂದೊಂದು ಬೋರ್ಡು ನೆಟ್ಟು ಹೋದರು. ಈಗ ಚಿಂಪೇನಿಯಲ್ಲಿ ಮರಕ್ಕಿಂತ ಬೋರ್ಡಿನ ನೆರಳೇ ಹೆಚ್ಚು ಅಂತ ಮಾತಿತ್ತು.

ಲೈಸನ್ ದಂಟು ಹುಡುಕಲು ಓಡಿದ. ಮೊದಲು ಸಿಕ್ಕವಳು ಪಕ್ಕದ ಮನೆಯ ದೊಲೊಫೀನಾ. ಅವಳು ಮೇಕೆ ಯೋಜನೆಯವಳು. ಅವಳ ಹೊಲದ ದಂಟೆಲ್ಲ ಮೇಕೆಯ ಹೊಟ್ಟೆ ಸೇರಿ ತಿಂಗಳಾಗಿತ್ತು. ದಂಟು ಇಲ್ಲದಿದ್ದರೂ ಅವಳ ಹತ್ತಿರ ಪ್ರಶ್ನೆಗಳಿಗೆ ಕೊರತೆ ಇರಲಿಲ್ಲ. ಯಾಕೆ ಬೇಕು, ಎಷ್ಟು ಬೇಕು, ಅತ್ತೆಗೆ ಗೊತ್ತೋ, ಪಂಪು ಬಂದರೆ ನಮ್ಮ ಕಡೆಗೂ ನೀರು ಬಿಡುತ್ತೀಯೋ ಅಂತ ಅವನ ಹಿಂದೆಯೇ ನಡೆದಳು. ಅವಳ ಹಿಂದೆ ಅವಳ ಮೇಕೆ ನಡೆಯಿತು. ಊರಿನ ಉಳಿದ ದಂಟು ಬೇಲಿಯಾಗಿತ್ತು, ಇಲ್ಲವೇ ಒಲೆಗೆ ಹೋಗಿತ್ತು. ಒಬ್ಬ ಮುದುಕ ಮಾತ್ರ ತನ್ನ ಬಚ್ಚಲಿನ ದಂಟಿನ ಗೋಡೆಯನ್ನೇ ಕಿತ್ತು ಕೊಡಲು ಬಂದ. ಒಳಗೆ ಅವನ ಹೆಂಡತಿ ಮೀಯುತ್ತಿದ್ದಳು, ಹಾಗಾಗಿ ಅದೂ ಆಗಲಿಲ್ಲ.

ಬಿಸಿಲು ಏರುತ್ತಿತ್ತು. ಸೋತು ತನ್ನ ಹೊಲದ ಬಳಿಗೇ ಬಂದ ಲೈಸನ್ನಿಗೆ ಆಗ ಪಕ್ಕದ ಹೊಲ ಕಣ್ಣಿಗೆ ಬಿತ್ತು.

ಅದು ಎನೆಲೆಸಿಯ ಇನ್ನೂ ಮದುವೆಯಾಗದ ತಮ್ಮ ಮಸೀಯೆಯದು. ಮಸೀಯೆ ಇಡೀ ಸೀಮೆಗೇ ಸೋಮಾರಿ. ನೊಣ ಕೂತರೆ ಓಡಿಸುವ ಬದಲು ಅದಕ್ಕೇ ಬೇಜಾರಾಗಿ ಹಾರಲಿ ಅಂತ ಕಾಯುವ ಪೈಕಿ. ತೆನೆ ಮುರಿದುಕೊಂಡ ಮೇಲೆ ಅವನು ಹೊಲದ ಕಡೆ ತಲೆ ಹಾಕಿರಲಿಲ್ಲ. ಅಗೆಯುವುದು ಶ್ರಮ ಅಂತ ಅಗೆದಿರಲಿಲ್ಲ. ಸುಡಬೇಕಾದರೆ ಬೆಂಕಿ ತರಬೇಕು, ಬೆಂಕಿ ತರಬೇಕಾದರೆ ಏಳಬೇಕು, ಅದಕ್ಕೇ ಸುಟ್ಟಿರಲಿಲ್ಲ. ದಂಟು ಬಿದ್ದಲ್ಲೇ ಬಿದ್ದಿತ್ತು. ಅದರ ಮೇಲೆ ಹೋದ ವರ್ಷದ ಕಳೆ ಒಣಗಿ ಮಲಗಿತ್ತು. ಅಡಿಯಲ್ಲಿ ಮಣ್ಣು ಕಲ್ಲಿನಂತಿದ್ದರೂ ಮೇಲಿನಿಂದ ನೋಡಿದರೆ, ಲೈಸನ್ ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ್ದನ್ನು ಮಸೀಯೆ ಮಲಗಿಕೊಂಡೇ ಸಾಧಿಸಿಬಿಟ್ಟಿದ್ದ.

ದಂಟನ್ನು ಅಲ್ಲಿಂದ ಇಲ್ಲಿಗೆ ಹೊರುವುದಕ್ಕಿಂತ ಬೋರ್ಡನ್ನು ಇಲ್ಲಿಂದ ಅಲ್ಲಿಗೆ ಹೊರುವುದು ಸುಲಭ ಅಂತ ಲೈಸನ್ನಿನ ತಲೆಗೆ ಹೊಳೆದದ್ದು ಆಗಲೇ.

ಮಸೀಯೆ ಮರದಡಿಯಲ್ಲಿ ಚಾಪೆಯ ಮೇಲೆ ಉದ್ದಕ್ಕೆ ಬಿದ್ದಿದ್ದ. ಲೈಸನ್ ನಾಚುತ್ತ ವಿಷಯ ಹೇಳಿದ. ಮಸೀಯೆ ಒಂದು ಕಣ್ಣು ತೆರೆದ.

“ಬಾವ, ನಿಮ್ಮ ಹೊಲ ನಮ್ಮ ಹೊಲ ಅಂತ ಬೇರೆ ಎಲ್ಲಿದೆ? ಎಲ್ಲಾ ಅವ್ವಂದೇ. ಎಲ್ಲಿ ಬೇಕಾದ್ರೂ ನೆಟ್ಕೊಳ್ಳಿ. ನನ್ನನ್ನ ಮಾತ್ರ ಎಬ್ಬಿಸಬೇಡಿ.”

ಕಲ್ಲು ಕೂಡಿಸಿ ನೆಟ್ಟಿದ್ದ ಕೋಲನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತು, ಹೆಗಲ ಮೇಲಿಟ್ಟುಕೊಂಡು ಲೈಸನ್ ಹೊರಟ. ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಶಿಲುಬೆ ಹೊತ್ತವನ ಹಾಗೆ ಕಾಣುತ್ತಿದ್ದ. ಹಿಂದೆ ದೊಲೊಫೀನಾ, ಅವಳ ಹಿಂದೆ ಮೇಕೆ. ಬೋರ್ಡು ಹೊಸ ಜಾಗದಲ್ಲಿ ನಿಂತದ್ದೇ ತಡ, ದೊಲೊಫೀನಾ ಮೇಕೆಯನ್ನು ಅಲ್ಲೇ ಬಿಟ್ಟು ಊರ ಕಡೆ ಹೆಜ್ಜೆ ಹಾಕಿದಳು. ಅವಳ ಹೆಜ್ಜೆಯ ವೇಗ ನೋಡಿಯೇ ಲೈಸನ್ನಿಗೆ ಇದು ಅತ್ತೆಯ ತನಕ ಹೋಗುತ್ತದೆ ಅನ್ನುವ ಅನುಮಾನ ಬಂತು.

ಅನುಮಾನ ನಿಜವಾಯಿತು. ಅತಿಥಿಗಳು ಮಸೀಯೆಯ ಹೊಲಕ್ಕೆ ಬರುತ್ತಾರಂತೆ ಅನ್ನುವ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಆ ಹೊಲದ ಸ್ಥಿತಿ ಅತ್ತೆಗೆ ಗೊತ್ತಿಲ್ಲವೇ? ಸ್ವಲ್ಪ ಹೊತ್ತಿನಲ್ಲೇ ಅವಳು ಮುಂದೆ, ಊರಿನ ಹೆಂಗಸರು ಹಿಂದೆ, ಎಲ್ಲರ ಕೈಯಲ್ಲೂ ಪೊರಕೆ. ಒಂದು ಸಣ್ಣ ಸೈನ್ಯವೇ ಬದುವಿನ ಮೇಲೆ ಬರುತ್ತಿತ್ತು. ಎನೆಲೆಸಿ ಅತಿಥಿಗಳಿಗೆ ಥೋಬ್ವಾ ಪಾನಕ ಸೋಸುತ್ತ ಮನೆಯಲ್ಲೇ ಉಳಿದಿದ್ದಳು. ಅತ್ತೆಗೆ ಮಾತು ದಾಟಿಸುವ ಬಾಯಿಯೇ ಅಲ್ಲಿರಲಿಲ್ಲ.

ಲೈಸನ್ ಸುತ್ತ ನೋಡಿದ. ಮೇಕೆ ಮಾತ್ರ ಸಿಕ್ಕಿತು. ಅದರ ಕೊರಳ ಹಗ್ಗ ಹಿಡಿದು, ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಶುರು ಮಾಡಿದ.

“ಮೇಕೆಯಮ್ಮಾ, ಈ ಹೊಲ ಯಾರೂ ಗುಡಿಸಬಾರದು. ಬರೋ ಅತಿಥಿಗಳಿಗೆ ನೆಲದ ಮೇಲೆ ದಂಟು ಬಿದ್ದಿರೋದೇ ಇಷ್ಟ.”

ಅತ್ತೆ ನಿಂತಳು. ಮುಖ ತಿರುಗಿಸಿಕೊಂಡೇ ಮೇಕೆಗೆ ಉತ್ತರ ಕೊಟ್ಟಳು. “ಮೇಕೆ, ನಾನು ಇಷ್ಟು ವರ್ಷದಲ್ಲಿ ಎಷ್ಟೋ ಥರದ ದೊಡ್ಡೋರನ್ನ ನೋಡಿದೀನಿ. ಕಸ ನೋಡೋಕೆ ಅಂತ ಮೋಟಾರು ಹತ್ತಿ ಬಂದೋರನ್ನ ನೋಡಿಲ್ಲ.”

“ಇದು ಕಸ ಅಲ್ಲ ಮೇಕೆಯಮ್ಮಾ, ಹೊದಿಕೆ. ಮಣ್ಣಿಗೆ ಬಿಸಿಲು ತಾಗಬಾರದು ಅಂತ ಈಗಿನ ನೆರವಿನವರ ಪಾಠ.”

“ಕೇಳು ಮೇಕೆ. ಬೋದು ಏರಿಸಿ ಅಂದ್ರು, ಏರಿಸಿದ್ವಿ. ಕೆಡವಿ ಅಂದ್ರು, ಕೆಡವಿದ್ವಿ. ಸುಡಿ ಅಂದ್ರು, ಸುಟ್ವಿ. ಈಗ ಬೂದಿನ ಮತ್ತೆ ದಂಟು ಮಾಡಿ ಅಂತಾರೇನು? ಹಾಗಾದ್ರೆ ನಿನ್ನೆ ನಾನು ಗುಡಿಸಿದ್ದು?”

ಹೆಂಗಸರೆಲ್ಲ ಮೇಕೆಯ ಮುಖ ನೋಡಿದರು. ಇದಕ್ಕೆ ಮೇಕೆ ಏನು ಹೇಳಬೇಕು? ಅದು ತನ್ನ ಪಾಡಿಗೆ ಮಾದರಿ ಹೊಲದ ಹೊದಿಕೆಯನ್ನು ಮೇಯುತ್ತಿತ್ತು. ಲೈಸನ್ ಅದರ ಬಾಯಿಂದ ದಂಟು ಎಳೆದುಕೊಂಡು, ಬೆವರು ಒರೆಸಿಕೊಂಡು, ನಿನ್ನೆ ಗುಡಿಸಿದ್ದು ಬಹಳ ಚೆನ್ನಾಗಿತ್ತು, ಅಷ್ಟು ಚೆನ್ನಾಗಿ ಯಾರೂ ಗುಡಿಸಿರಲಿಲ್ಲ, ಇವತ್ತಿನವರ ರುಚಿ ಸ್ವಲ್ಪ ಕೆಟ್ಟಿದೆ ಅಷ್ಟೇ ಅಂತ ಮೇಕೆಗೆ ಬಿಡಿಸಿ ಹೇಳಿದ.

ಅತ್ತೆ ಯೋಚಿಸಿದಳು. ಅವಳ ಮನಸ್ಸು ಒಳ್ಳೆಯದು. ಅತಿಥಿ ಕೇಳಿದ್ದನ್ನು ಇಲ್ಲ ಅನ್ನುವವಳಲ್ಲ. “ಆಯ್ತು ಮೇಕೆ. ಅವರಿಗೆ ಕಸವೇ ಬೇಕಾದರೆ ಕಸಕ್ಕೇನು ಬರವೇ?” ಅಂದವಳೇ ಹೆಂಗಸರಿಗೆ ಕಣ್ಸನ್ನೆ ಮಾಡಿದಳು.

ಲೈಸನ್ನಿಗೆ ಅರ್ಥವಾಗುವುದರೊಳಗೆ ಬುಟ್ಟಿಗಳು ಬಂದವು. ಊರಿನ ಮನೆಮನೆಯ ತಿಪ್ಪೆ ಬರಿದಾಯಿತು. ಕಡಲೆಕಾಯಿ ಸಿಪ್ಪೆ, ಕೋಳಿ ಪುಕ್ಕ, ಗೆಣಸಿನ ಸಿಪ್ಪೆ, ತೂತುಬಿದ್ದ ಕೊಡ, ಯಾರದೋ ಹಳೆಯ ಜಡೆಯ ಗಂಟು, ಒಂಟಿ ಚಪ್ಪಲಿ, ಎಲ್ಲವೂ ಮಸೀಯೆಯ ಹೊಲದ ಮೇಲೆ ಧಾರಾಳವಾಗಿ ಸುರಿಯಿತು. ಬೇಡ ಅನ್ನಲು ಲೈಸನ್ ಮತ್ತೆ ಮೇಕೆಯನ್ನು ಹುಡುಕಿದ. ಅದು ಆಗಲೇ ಸಿಪ್ಪೆಯ ಕಡೆ ಹೋಗಿತ್ತು. ಅವನು ಕೊಡವನ್ನು ಪೊದೆಗೆ ಎಸೆದು ಪುಕ್ಕ ಹೆಕ್ಕುತ್ತಿರುವಾಗಲೇ ಬೆಟ್ಟದ ತಿರುವಿನಲ್ಲಿ ಕೆಂಪು ಧೂಳು ಎದ್ದಿತು.

ಬಿಳಿ ವಾಹನದಿಂದ ಮೊದಲು ಸಲಹೆಗಾರ ಕಲುವಾ ಇಳಿದ. ಅವನ ಹಿಂದೆ ಇಳಿದವರು ಗಡಿಯಾಚೆಯ ಲುಸಾಕಾದವರು, ಮಿಸೆಸ್ ಚಿಲೇಶೆ. ಗಟ್ಟಿ ಮೈಕಟ್ಟು, ದೊಡ್ಡ ಟೋಪಿ, ಎಲ್ಲರನ್ನೂ ಮಾತಾಡಿಸುವ ನಗುಮುಖ. ಊರಿನ ಹೆಸರನ್ನೇ ಹೊತ್ತ ಯಜಮಾನ ಚಿಂಪೇನಿ ಒಳ್ಳೆಯ ಕೋಟು ಹಾಕಿಕೊಂಡು ಬಂದು ಸ್ವಾಗತ ಹೇಳಿದ. ಬೋರ್ಡು ನಡೆದುಕೊಂಡು ಬಂದದ್ದು ಕಲುವಾನ ಕಣ್ಣಿಗೆ ಬಿತ್ತು. ಅವನು ಒಮ್ಮೆ ಬೋರ್ಡು ನೋಡಿದ, ಒಮ್ಮೆ ಲೈಸನ್ನನ್ನು ನೋಡಿದ, ಆಮೇಲೆ ಆಕಾಶ ನೋಡಿದ. ಅವನಿಗೂ ಕೆಲಸ ಉಳಿಯಬೇಕಿತ್ತು.

ಮಿಸೆಸ್ ಚಿಲೇಶೆ ಹೊಲಕ್ಕೆ ಇಳಿದರು. ಕಾಲ ಕೆಳಗೆ ದಂಟು ಚರಚರ ಅಂದದ್ದು ಕೇಳಿ ಅವರ ಮುಖ ಅರಳಿತು. ಅಲ್ಲಲ್ಲಿ ಕಡಲೆ ಸಿಪ್ಪೆ ಕಂಡು ಇನ್ನೂ ಅರಳಿತು. ಇದು ಪುಸ್ತಕದಲ್ಲಿಲ್ಲದ ಹೊದಿಕೆ, ಊರಿನವರದೇ ತಿಳಿವಳಿಕೆ ಅಂತ ಜೊತೆಯವರಿಗೆ ಹೇಳಿ ಫೋಟೋ ತೆಗೆಸಿದರು. ಆಮೇಲೆ ಬಗ್ಗಿ ಒಂಟಿ ಚಪ್ಪಲಿಯನ್ನು ಎತ್ತಿದರು.

ಇದು ಯಾಕೆ ಅಂತ ಕೇಳಿದಾಗ ಲೈಸನ್ ಬಾಯಿಗೆ ಬಂದದ್ದು ಹೇಳಿದ. ಗೆದ್ದಲು ದಂಟು ಬಿಟ್ಟು ಮೊದಲು ಅದಕ್ಕೆ ಹೋಗಲಿ ಅಂತ, ಅಂದ. ಅವರು ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿ, ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಇದ್ದಲ್ಲೇ ಇಟ್ಟರು. ಅದಕ್ಕೂ ಫೋಟೋ ಆಯಿತು.

ಲೈಸನ್ನಿನ ಎದೆಯಲ್ಲಿ ಪಂಪು ಓಡಲು ಶುರುವಾಯಿತು. ನೀರು ಹಳ್ಳದಿಂದ ಹತ್ತುವ ಸದ್ದೂ ಅವನಿಗೆ ಕೇಳಿಸಿದ ಹಾಗಾಯಿತು.

ಆಗಲೇ ಮಿಸೆಸ್ ಚಿಲೇಶೆ ಆ ಕಡೆ ತಿರುಗಿದರು. “ಅಯ್ಯೋ, ಆ ಪಕ್ಕದ ಹೊಲ ಯಾರದಪ್ಪ? ಒಂದು ಎಲೆಯೂ ಇಲ್ಲದ ಹಾಗೆ ಬೋಳಿಸಿಬಿಟ್ಟಿದ್ದಾರಲ್ಲ.”

ಅತ್ತೆಯ ಬೆನ್ನು ನೆಟ್ಟಗಾಯಿತು. ಆ ಹೊಲ ನನ್ನದು ಅಂದರೆ ಬೋರ್ಡಿನ ಕತೆ ಬಯಲಾಗುತ್ತದೆ. ಯಾರದೋ ಗೊತ್ತಿಲ್ಲ ಅಂದರೆ ಪಕ್ಕದ ಹೊಲದವನು ಗೊತ್ತಿಲ್ಲದ ಮಾದರಿ ರೈತ ಎಂಥವನು? ಲೈಸನ್ ಕಣ್ಣು ಮುಚ್ಚಿ ಹೇಳಿಬಿಟ್ಟ.

“ಅದು ನನ್ನ ಬಾಮೈದ ಮಸೀಯೆದು, ಅಮ್ಮಾವ್ರೇ. ಎಷ್ಟು ಹೇಳಿದ್ರೂ ಕಲಿಯಲ್ಲ.”

ಯಜಮಾನ ಚಿಂಪೇನಿಗೆ ಊರಿನ ಮರ್ಯಾದೆ ದೊಡ್ಡದು. ಅತಿಥಿಗಳ ಮುಂದೆ ಅಳಿಯನ ಮಾತು ಒಂಟಿಯಾಗಿ ನಿಲ್ಲಬಾರದು ಅಂತ ಅವನೂ ಗಂಟಲು ಸರಿಮಾಡಿಕೊಂಡು, ಹೌದು, ಅದು ಮಸೀಯೆಯದೇ, ಹಿಂದಿನಿಂದಲೂ ಅವನದೇ ಅಂತ ಸಾಕ್ಷಿ ಹೇಳಿದ. ಕಲುವಾ ಇನ್ನೂ ಆಕಾಶವನ್ನೇ ನೋಡುತ್ತಿದ್ದ.

ಮಿಸೆಸ್ ಚಿಲೇಶೆ ಆ ಬೋಳು ಹೊಲಕ್ಕೆ ಹೋದರು. ಬಗ್ಗಿ ಮಣ್ಣು ಮುಟ್ಟಿದರು. ಇಷ್ಟು ಮೆತ್ತಗಿನ ಮಣ್ಣು, ಇಂಥ ಒಳ್ಳೆಯ ಮಣ್ಣು, ಪಾಪ, ಹೇಳಿಕೊಡುವವರಿಲ್ಲದೆ ಹಾಳಾಗುತ್ತಿದೆ ಅಂತ ನಿಜವಾಗಿಯೂ ಮರುಗಿದರು. ಲೈಸನ್ನಿಗೆ ಅಳು ಬಂತು. ಅವರು ಅದನ್ನು ಬಾಮೈದನ ಮೇಲಿನ ಕರುಣೆ ಅಂತ ತಿಳಿದು ಅವನ ಭುಜ ತಟ್ಟಿದರು. ಆಮೇಲೆ ಎಲ್ಲರನ್ನೂ ಹತ್ತಿರ ಕರೆದರು.

“ನೋಡ್ರಪ್ಪ, ಹೋದ ತಿಂಗಳು ನಮ್ಮ ದೇಶಗಳವರೆಲ್ಲ ಕೂತು ಮಾತಾಡಿದ್ವಿ. ಇಲ್ಲಿವರೆಗೆ ಚೆನ್ನಾಗಿ ಕಲಿತವನಿಗೇ ಕೊಡ್ತಾ ಬಂದ್ವಿ. ಕಲಿಯದವನು ಹಿಂದೇನೇ ಉಳಿದ. ಅದು ನ್ಯಾಯ ಅಲ್ಲ. ಈ ವರ್ಷದಿಂದ ನಮ್ಮ ನೀತಿ ಬೇರೆ. ಸಾಮಾನು ಮಾದರಿ ರೈತನಿಗಲ್ಲ, ಅವನ ಪಕ್ಕದಲ್ಲಿ ಹಿಂದುಳಿದವನಿಗೆ.”

ವಾಹನದ ಹಿಂಬಾಗಿಲು ತೆರೆಯಿತು. ಪಂಪು ಬಂದೇ ಬಿಟ್ಟಿತ್ತು. ಬಿಸಿಲಿಗೆ ಮಿರಮಿರ ಮಿಂಚುವ ಕರಿಯ ಹಲಗೆ, ನೀಲಿ ಕೊಳವೆ, ಎಲ್ಲವೂ ಹೊಸ ವಾಸನೆಯ ಸಮೇತ. ಮಸೀಯೆಯನ್ನು ಕರೆಯಲು ಜನ ಓಡಿದರು. ಅವನು ಏಳಲು ಒಪ್ಪದ್ದರಿಂದ ಚಾಪೆಯ ಸಮೇತ ಎತ್ತಿಕೊಂಡು ಬಂದರು. ಅವನನ್ನು ನೋಡಿ ಮಿಸೆಸ್ ಚಿಲೇಶೆ, ಛೇ, ಎಷ್ಟು ಬಳಲಿದ್ದಾನೆ ಅಂದರು.

ಲೈಸನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ಬೋರ್ಡು ಕದ್ದು ನೆಟ್ಟವನು ಅನ್ನಿಸಿಕೊಳ್ಳಬೇಕು, ಯಜಮಾನನನ್ನು ಸುಳ್ಳುಗಾರನನ್ನಾಗಿ ಮಾಡಬೇಕು, ಗುಡಿಸಿದವರು ಅತ್ತೆ ಅಂತ ಪರದೇಶದವರ ಮುಂದೆ ದೂರಬೇಕು. ಹೇಳದಿದ್ದರೆ ಪಂಪು ಹೋಗುತ್ತದೆ. ಪಂಪು ಒಂದೇ ತಾನೇ, ಹೋದರೆ ಹೋಗಲಿ, ಹೊಲವಾದರೂ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡ.

ವಾಹನ ಧೂಳೆಬ್ಬಿಸಿಕೊಂಡು ಹೋದ ಮೇಲೆ ಆ ಸಮಾಧಾನವೂ ಉಳಿಯಲಿಲ್ಲ. ಅವನು ಬೋರ್ಡನ್ನು ಕಿತ್ತು ಮೊದಲಿನ ಜಾಗಕ್ಕೆ ಒಯ್ಯಲು ಹೋದಾಗ ಯಜಮಾನ ಕೋಟು ಬಿಚ್ಚಿ ಮಡಚುತ್ತ ತಡೆದ.

“ಅದನ್ನ ಅಲ್ಲೇ ಬಿಡು ಅಳಿಯ. ನೆಲದ ಮಾತು ಆಡಿದ್ದು ನೀನು, ಊರೆದುರು ಹೌದು ಅಂದದ್ದು ನಾನು. ನಮ್ಮಲ್ಲಿ ಹಾಗೆ ಹೇಳಿದ ಮೇಲೆ ಮುಗೀತು. ಇನ್ನು ಆ ಹೊಲ ಮಸೀಯೆದು, ಈ ಹೊಲ ನಿನ್ನದು. ಮುಂದಿನ ಸಲ ಅವರು ಬಂದಾಗ ಊರಿಗೆಲ್ಲ ಅವಮಾನ ಆಗೋದು ಬೇಡ.”

ಎನೆಲೆಸಿ ಥೋಬ್ವಾದ ಪಾತ್ರೆ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಗಂಡನ ಮುಖ ನೋಡಿದಳು. ಅತಿಥಿಗಳಿಗೆ ಅಂತ ಮಾಡಿದ ಪಾನಕವನ್ನು ಅವನ ಕೈಗೇ ಕೊಟ್ಟಳು. ಅವನು ಗಟಗಟ ಕುಡಿದು, ಕಾಲಿನಿಂದ ತನ್ನ ಹೊಸ ಹೊಲದ ಹೊದಿಕೆ ಸರಿಸಿ, ಬೆರಳಿನಿಂದ ಮಣ್ಣು ಚುಚ್ಚಿ ನೋಡಿದ. ಉಗುರು ಮುರಿಯಿತು.

ಸಂಜೆ ಕಲುವಾ ಮೋಟಾರು ಬೈಕಿನಲ್ಲಿ ಹಿಂದಿರುಗಿ ಬಂದ. ಹೊಸ ನೀತಿಯಲ್ಲಿ ಇನ್ನೊಂದು ಮಾತಿದೆ, ಹೇಳಲು ಮರೆತೆ ಅಂದ. ಹಿಂದುಳಿದವನು ಚೆನ್ನಾಗಿ ಕಲಿಯುವವರೆಗೆ ಪಂಪು ನಡೆಸಿ, ನೀರು ಕಟ್ಟಿ, ಬೆಳೆ ತೆಗೆದು ತೋರಿಸುವ ಹೊಣೆ ಪಕ್ಕದ ಮಾದರಿ ರೈತನದು. ಅವನು ಕಲಿತ ದಿನ ಲೈಸನ್ನಿನ ಹೊಣೆ ಮುಗಿಯುತ್ತದೆ. ಅದಕ್ಕೆ ಕಾಲಮಿತಿ ಏನೂ ಇಲ್ಲ, ಕಲಿಯುವವನ ಅನುಕೂಲ.

ಲೈಸನ್ ನಿಟ್ಟುಸಿರು ಬಿಟ್ಟು ಮರದಡಿಗೆ ಹೋದ. ಮಸೀಯೆಯ ಚಾಪೆ ಆಗಲೇ ತನ್ನ ಜಾಗಕ್ಕೆ ಮರಳಿತ್ತು. ನಾಳೆ ಬೆಳಿಗ್ಗೆ ಬೇಗ ಎದ್ದು ಬಾ, ಕೊಳವೆ ಜೋಡಿಸುವುದು ತೋರಿಸುತ್ತೇನೆ, ಎರಡು ದಿನದಲ್ಲಿ ಕಲಿತುಬಿಡಬಹುದು ಅಂತ ಬೇಡಿಕೊಳ್ಳುವ ದನಿಯಲ್ಲಿ ಹೇಳಿದ.

ಮಸೀಯೆ ಈ ಸಲ ಎರಡೂ ಕಣ್ಣು ತೆರೆದ. ಬಾವನ ಮೇಲಿನ ಗೌರವ ಅವನ ಮುಖದಲ್ಲಿ ತುಂಬಿ ತುಳುಕುತ್ತಿತ್ತು.

“ನಿಧಾನಕ್ಕೆ ಕಲಿಸಿ ಬಾವ. ನನಗೇನೂ ಅವಸರ ಇಲ್ಲ.”